ಬೆರಳಿನ ಮಾತು ಪುಟಕ್ಕೆ ತಿಳಿಯುವುದು ಹೇಗೆ?

ವಿಕಿಪೀಡಿಯದ ಹುಡುಕು ಪೆಟ್ಟಿಗೆಯಲ್ಲಿ ‘ಹಂ’ ಎಂದು ಟೈಪ್ ಮಾಡುವಷ್ಟರಲ್ಲೇ ಕೆಳಗೆ ಹೆಸರುಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ನಕ್ಷೆಯ ಪುಟದಲ್ಲಿ ಮೌಸ್ ಗುಂಡಿ ಒತ್ತಿ ಹಿಡಿದು ಎಳೆದರೆ ಊರು, ನದಿ, ರಸ್ತೆಗಳೆಲ್ಲ ಕೈ ಹೋದ ದಿಕ್ಕಿಗೆ ಸರಿಯುತ್ತವೆ. ಅರ್ಜಿ ನಮೂನೆಯಲ್ಲಿ ಪಿನ್‌ಕೋಡ್‌ನ ಒಂದು ಅಂಕಿ ಬಿಟ್ಟುಹೋದರೆ ಮುಂದಿನ ಸಾಲಿಗೆ ಹೋಗುತ್ತಲೇ ಕೆಂಪಕ್ಷರದ ಎಚ್ಚರಿಕೆ ಮೂಡುತ್ತದೆ. ಜಾಲಪುಟವೆಂದರೆ ಎಲ್ಲಿಯದೋ ಸರ್ವರ್‌ನಿಂದ ಬಂದಿಳಿದ ಒಂದಿಷ್ಟು ಪಠ್ಯ. ನಮ್ಮ ಬೆರಳು ಎಲ್ಲಿದೆ, ಏನನ್ನು ಒತ್ತಿತು ಎಂಬುದು ಅದಕ್ಕೆ ಹೇಗೆ ತಿಳಿಯಿತು?

ಪುಟಕ್ಕೆ ತಲುಪುವುದು ಬೆರಳಿನ ಚಲನೆ ಮಾತ್ರ. ಪುಟ ಅರಿಯಬೇಕಾದ್ದು ಬೆರಳಿನ ಹಿಂದಿರುವ ಮನುಷ್ಯನ ಇಚ್ಛೆಯನ್ನು. ಈ ಎರಡರ ನಡುವೆ ಒಂದಿಷ್ಟು ದೂರವಿದೆ. ಅದನ್ನು ಪ್ರೋಗ್ರಾಮರ್ ಹೇಗೆ ದಾಟಿಸುತ್ತಾರೆ ಎಂಬುದರ ಮೇಲೆ ಆ ಪುಟ ಎಲ್ಲರಿಗೂ ದಕ್ಕುತ್ತದೆಯೋ ಕೆಲವರಿಗಷ್ಟೇ ದಕ್ಕುತ್ತದೆಯೋ ಎಂಬುದು ನಿಂತಿದೆ.

ಹತ್ತು ದಿನಗಳಲ್ಲಿ ಹುಟ್ಟಿದ ಭಾಷೆ

1995ಕ್ಕೆ ಮುಂಚಿನ ಜಾಲಪುಟಗಳು ಹೆಚ್ಚುಕಡಿಮೆ ಮುದ್ರಿತ ಹಾಳೆಗಳಂತಿದ್ದವು. ಓದಬಹುದಿತ್ತು, ಕೊಂಡಿ ಒತ್ತಿ ಇನ್ನೊಂದು ಪುಟಕ್ಕೆ ಹೋಗಬಹುದಿತ್ತು, ನಮೂನೆ ತುಂಬಿ ಕಳಿಸಬಹುದಿತ್ತು. ತುಂಬಿದ್ದರಲ್ಲಿ ತಪ್ಪಿದ್ದರೆ ಅದು ಸರ್ವರ್‌ವರೆಗೆ ಹೋಗಿ ತಿರುಗಿ ಬಂದಮೇಲಷ್ಟೇ ಗೊತ್ತಾಗುತ್ತಿತ್ತು. ಟೆಲಿಫೋನ್ ತಂತಿಯ ಮೋಡೆಮ್‌ಗಳಿದ್ದ ಆ ಕಾಲದಲ್ಲಿ ಈ ಹೋಗಿಬರುವಿಕೆಗೆ ತಾಳ್ಮೆ ಬೇಕಿತ್ತು.

ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನಗಳಲ್ಲಿ ಒಂದು ಪುಟ್ಟ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದರು. ಅದಕ್ಕೆ ಮುಂದೆ ಜಾವಾಸ್ಕ್ರಿಪ್ಟ್ ಎಂಬ ಹೆಸರು ಬಂತು. ನೆಟ್‌ಸ್ಕೇಪ್ ನ್ಯಾವಿಗೇಟರ್‌ನ ಎರಡನೆಯ ಆವೃತ್ತಿಯಲ್ಲಿ ಅದು ಜನರ ಕೈಸೇರಿತು. ಅದು ತಂದ ಹೊಸ ಶಕ್ತಿ ಇದು: ‘ಈ ಗುಂಡಿಯನ್ನು ಕ್ಲಿಕ್ ಮಾಡಿದಾಗ ಇದನ್ನು ಮಾಡು’, ‘ಮೌಸ್ ಬಾಣ ಈ ಕೊಂಡಿಯ ಮೇಲೆ ಬಂದಾಗ ಅದನ್ನು ಮಾಡು’ ಎಂದು ಪುಟದೊಳಗೇ ಬರೆದಿಡುವ ಸೌಲಭ್ಯ. ಹೀಗೆ ನಡೆಯುವ ಪ್ರತಿಯೊಂದು ಸಂಗತಿಗೂ ಪ್ರೋಗ್ರಾಮರ್‌ಗಳು ಇವೆಂಟ್ ಎನ್ನುತ್ತಾರೆ. ಇವೆಂಟ್‌ಗಾಗಿ ಕಾದು ಕುಳಿತಿರುವ ಆದೇಶಗಳ ಕಟ್ಟಿಗೆ ಲಿಸನರ್ ಎನ್ನುತ್ತಾರೆ. ಸಾಮಾನ್ಯ ಪ್ರೋಗ್ರಾಂ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಸಾಗಿ ಮುಗಿಯುತ್ತದೆ. ಜಾಲಪುಟದ ಪ್ರೋಗ್ರಾಂ ಹಾಗಲ್ಲ, ಅದು ತನ್ನ ಆಯುಷ್ಯದ ಬಹುಭಾಗವನ್ನು ಸುಮ್ಮನೆ ಕಾಯುವುದರಲ್ಲೇ ಕಳೆಯುತ್ತದೆ. ಮುಂದೇನು ನಡೆಯಬೇಕು ಎಂದು ತೀರ್ಮಾನಿಸುವುದು ಓದುಗನ ಕೈ.

ಕೀಲಿಯಿಂದ ಪುಟದವರೆಗೆ

ಕೀಲಿಮಣೆಯ ಕೆಳಗೆ ಅಡ್ಡ ಮತ್ತು ಉದ್ದ ತಂತಿಗಳ ಜಾಲವೊಂದಿದೆ. ಪ್ರತಿ ಕೀಲಿಯೂ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಸಂಧಿಸುವ ಜಾಗದಲ್ಲಿರುತ್ತದೆ. ಒಳಗಿನ ಪುಟ್ಟ ಚಿಪ್ ಈ ಗೆರೆಗಳನ್ನು ಸೆಕೆಂಡಿಗೆ ನೂರಾರು ಸಲ ತಡಕಿ ನೋಡುತ್ತಿರುತ್ತದೆ. ಕೀಲಿ ಒತ್ತಿದಾಗ ಲೋಹದ ಎರಡು ತುದಿಗಳು ತಕ್ಷಣ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಕೆಲವು ಮಿಲಿಸೆಕೆಂಡುಗಳ ಕಾಲ ತಾಗಿ, ಬಿಟ್ಟು, ಮತ್ತೆ ತಾಗಿ ಕಂಪಿಸುತ್ತವೆ. ಆ ಕಂಪನವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಒಂದು ‘ಎ’ ಬದಲು ಐದಾರು ‘ಎ’ಗಳು ಮೂಡಿಯಾವು. ಆದ್ದರಿಂದ ಚಿಪ್ ಕಂಪನ ನಿಲ್ಲುವವರೆಗೆ ಕಾದು, ಒಂದೇ ಒತ್ತು ಎಂದು ದಾಖಲಿಸುತ್ತದೆ.

ಚಿಪ್‌ಗೆ ಅಕ್ಷರಗಳ ಪರಿಚಯವೇ ಇಲ್ಲ. ಅದು ಕಳಿಸುವುದು ಕೀಲಿಯ ಜಾಗವನ್ನು ಹೇಳುವ ಒಂದು ಸಂಖ್ಯೆ. ಯುಎಸ್‌ಬಿ ನಿಯಮದಲ್ಲಿ ‘ಎ’ ಎಂದು ಅಚ್ಚಾಗಿರುವ ಕೀಲಿಯ ಸಂಖ್ಯೆ 4. ಕಂಪ್ಯೂಟರು ಸಾಮಾನ್ಯ ಕೀಲಿಮಣೆ ಮತ್ತು ಮೌಸ್‌ಗಳನ್ನು ಸುಮಾರು 8 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 125 ಸಲ, ‘ಏನಾದರೂ ಹೊಸದಿದೆಯೇ?’ ಎಂದು ಕೇಳುತ್ತದೆ. ಬಂದ ಸಂಖ್ಯೆಗೆ ಅಕ್ಷರವನ್ನು ಹೊಂದಿಸುವ ಕೆಲಸ ಆಪರೇಟಿಂಗ್ ಸಿಸ್ಟಂನದು. ಅಲ್ಲಿ ಇಂಗ್ಲಿಷ್ ವಿನ್ಯಾಸ ಆರಿಸಿದ್ದರೆ ಒಂದು ಅಕ್ಷರ, ಕನ್ನಡ ವಿನ್ಯಾಸ ಆರಿಸಿದ್ದರೆ ಬೇರೊಂದು ಅಕ್ಷರ.

ಮೌಸ್‌ನದು ಇನ್ನೊಂದು ಬಗೆ. ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನರೆದುರು ತೋರಿಸಿದ ಮೌಸ್‌ನ ಅಡಿಯಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಗಾಲಿಗಳಿದ್ದವು. ಇಂದಿನ ಮೌಸ್‌ನ ಹೊಟ್ಟೆಯಲ್ಲಿರುವುದು ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಸಲ ಚಿತ್ರಿಸುವ ಪುಟ್ಟ ಕ್ಯಾಮೆರಾ. ಅಂದಿಗೂ ಇಂದಿಗೂ ಮೌಸ್ ಹೇಳುವುದು ಒಂದೇ ಮಾತು: ‘ಕಳೆದ ಸಲದಿಂದ ಈಚೆಗೆ ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ ಸರಿದೆ.’ ತೆರೆಯ ಮೇಲೆ ಬಾಣ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಆ ಲೆಕ್ಕವನ್ನು ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳುತ್ತದೆ.

ಸುದ್ದಿ ಬ್ರೌಸರ್‌ಗೆ ತಲುಪಿದ ಮೇಲೆ ಅದು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು ಪುಟದ ಯಾವ ಭಾಗಕ್ಕೆ ಸೇರಿದ್ದು ಎಂಬುದು. ಮೌಸ್ ಸುದ್ದಿಯಾದರೆ ಬಾಣದ ತುದಿಯಲ್ಲಿ ಎಲ್ಲಕ್ಕಿಂತ ಮೇಲೆ ಯಾವ ಭಾಗ ಕಾಣುತ್ತಿದೆ ಎಂದು ಹುಡುಕುತ್ತದೆ. ಕೀಲಿಯ ಸುದ್ದಿಗೆ ಜಾಗವೆಂಬುದಿಲ್ಲ. ಪುಟದಲ್ಲಿ ಆ ಗಳಿಗೆ ಯಾವ ಭಾಗಕ್ಕೆ ಫೋಕಸ್ ಇದೆಯೋ, ಅಂದರೆ ಕರ್ಸರ್ ಮಿನುಗುತ್ತಿರುವ ಪೆಟ್ಟಿಗೆಗೋ ಟ್ಯಾಬ್ ಕೀಲಿಯಿಂದ ತಲುಪಿದ ಗುಂಡಿಗೋ, ಅಲ್ಲಿಗೆ ಅದು ಹೋಗುತ್ತದೆ. ಈ ವ್ಯತ್ಯಾಸ ಚಿಕ್ಕದೆನಿಸಿದರೂ ಮುಂದೆ ದೊಡ್ಡ ಪರಿಣಾಮಗಳಿಗೆ ಕಾರಣವಾಗುತ್ತದೆ.

ಒಳಹೋಗುವ ದಾರಿ, ಹೊರಬರುವ ದಾರಿ

ಪುಟದಲ್ಲಿ ಒಂದರೊಳಗೊಂದು ಭಾಗಗಳಿರುತ್ತವೆ. ಇಡೀ ಪುಟದೊಳಗೆ ಒಂದು ಪಟ್ಟಿ, ಪಟ್ಟಿಯೊಳಗೆ ಒಂದು ಸಾಲು, ಸಾಲಿನೊಳಗೆ ‘ಅಳಿಸು’ ಎಂಬ ಗುಂಡಿ. ಗುಂಡಿಯನ್ನು ಕ್ಲಿಕ್ ಮಾಡಿದರೆ ಸಾಲನ್ನೂ, ಪಟ್ಟಿಯನ್ನೂ, ಪುಟವನ್ನೂ ಕ್ಲಿಕ್ ಮಾಡಿದಂತೆಯೇ ಆಯಿತು. ನಾಲ್ಕರಲ್ಲೂ ಲಿಸನರ್‌ಗಳಿದ್ದರೆ ಮೊದಲು ಯಾರಿಗೆ ಹೇಳಬೇಕು?

1997ರ ಹೊತ್ತಿಗೆ ಇದಕ್ಕೆ ಎರಡು ಉತ್ತರಗಳಿದ್ದವು. ನೆಟ್‌ಸ್ಕೇಪ್‌ನ ನಾಲ್ಕನೆಯ ಆವೃತ್ತಿ ಹೊರಗಿನಿಂದ ಒಳಕ್ಕೆ ಹೋಗಬೇಕು ಎಂದಿತು. ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ನಾಲ್ಕನೆಯ ಆವೃತ್ತಿ ಒಳಗಿನಿಂದ ಹೊರಕ್ಕೆ ಬರಬೇಕು ಎಂದಿತು. ಎರಡೂ ಬ್ರೌಸರ್‌ಗಳಲ್ಲಿ ಕೆಲಸ ಮಾಡುವ ಪುಟ ಬೇಕಿದ್ದವರು ಒಂದೇ ಕೆಲಸಕ್ಕೆ ಎರಡು ಬಗೆಯ ಆದೇಶ ಬರೆಯಬೇಕಾಯಿತು. 2000ದ ನವೆಂಬರ್‌ನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಒಂದು ಮಾನದಂಡ ಹೊರತಂದು ಎರಡನ್ನೂ ಒಪ್ಪಿಕೊಂಡಿತು. ಅದರ ಪ್ರಕಾರ ಇವೆಂಟ್ ಒಂದು ಪೂರ್ಣ ಸುತ್ತು ಹಾಕುತ್ತದೆ. ತೊಟ್ಟಿಮನೆಗೆ ಬಂದ ನೆಂಟ ಹೆಬ್ಬಾಗಿಲು, ಜಗಲಿ, ಪಡಸಾಲೆ ದಾಟಿ ನಡುಮನೆಗೆ ಹೋಗಿ, ಮಾತು ಮುಗಿಸಿ, ಅದೇ ದಾರಿಯಲ್ಲಿ ಮರಳುವಂತೆ ಅದು ಹೊರಗಿನ ಭಾಗದಿಂದ ಗುರಿಯ ತನಕ ಇಳಿದು, ಮತ್ತೆ ಹೊರಕ್ಕೆ ಏರುತ್ತದೆ. ಇಳಿಯುವ ಹಂತಕ್ಕೆ ಕ್ಯಾಪ್ಚರ್, ಏರುವ ಹಂತಕ್ಕೆ ಬಬ್ಲಿಂಗ್ ಎಂದು ಹೆಸರು. ಯಾವ ಹಂತದಲ್ಲಿ ತನಗೆ ಸುದ್ದಿ ಬೇಕು ಎಂಬುದನ್ನು ಲಿಸನರ್ ಆರಿಸಿಕೊಳ್ಳಬಹುದು. ಬಹುತೇಕ ಎಲ್ಲರೂ ಆರಿಸುವುದು ಏರುವ ಹಂತವನ್ನು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಈ ಮಾನದಂಡಕ್ಕೆ ಬಂದದ್ದು 2011ರಲ್ಲಿ, ತನ್ನ ಒಂಬತ್ತನೆಯ ಆವೃತ್ತಿಯಲ್ಲಿ.

ಈ ಏರುವ ಹಂತದಿಂದ ದೊಡ್ಡ ಅನುಕೂಲವೊಂದಿದೆ. ಸಾವಿರ ಸಾಲಿನ ಪಟ್ಟಿಯಲ್ಲಿ ಸಾವಿರ ‘ಅಳಿಸು’ ಗುಂಡಿಗಳಿದ್ದರೆ ಸಾವಿರ ಲಿಸನರ್‌ಗಳು ಬೇಕಿಲ್ಲ. ಪಟ್ಟಿಗೆ ಒಂದನ್ನು ಕೂರಿಸಿದರೆ ಸಾಕು. ಯಾವ ಗುಂಡಿ ಒತ್ತಿದರೂ ಸುದ್ದಿ ಮೇಲೇರಿ ಅಲ್ಲಿಗೇ ಬರುತ್ತದೆ, ತಾನು ಹುಟ್ಟಿದ ಜಾಗದ ವಿಳಾಸವನ್ನೂ ಹೊತ್ತು ತರುತ್ತದೆ. ನಾಳೆ ಪಟ್ಟಿಗೆ ಹೊಸ ಸಾಲು ಸೇರಿದರೂ ಹೊಸದಾಗಿ ಏನನ್ನೂ ಬರೆಯಬೇಕಿಲ್ಲ.

ಒಂದೇ ಸಾಲು, ಒಬ್ಬನೇ ಕೆಲಸಗಾರ

ಪುಟದ ಸ್ಕ್ರಿಪ್ಟ್, ಅಂದರೆ ಪುಟದೊಳಗೆ ಬರೆದಿಟ್ಟ ಪ್ರೋಗ್ರಾಂ, ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಇವೆಂಟ್‌ಗಳು ಸರದಿಯಲ್ಲಿ ನಿಲ್ಲುತ್ತವೆ. ಒಂದರ ಲಿಸನರ್ ಮುಗಿಯುವ ತನಕ ಮುಂದಿನದಕ್ಕೆ ಸರದಿ ಬರುವುದಿಲ್ಲ. ತೆರೆಯ ಮೇಲೆ ಹೊಸ ಚಿತ್ರ ಬರೆಯುವ ಕೆಲಸವೂ ಇದೇ ಸಾಲಿನಲ್ಲಿದೆ. ಸಾಮಾನ್ಯ ತೆರೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಅಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. ಲಿಸನರ್ ಒಂದು ಅರ್ಧ ಸೆಕೆಂಡು ಲೆಕ್ಕ ಹಾಕುತ್ತ ಕುಳಿತರೆ ಅಷ್ಟು ಹೊತ್ತು ಪುಟ ಕಲ್ಲಾಗುತ್ತದೆ. ಗೂಗಲ್ ತನ್ನ ಪುಟ ಗುಣಮಟ್ಟದ ಅಳತೆಗಳಲ್ಲಿ 2024ರ ಮಾರ್ಚ್‌ನಿಂದ ಈ ತಡವನ್ನೂ ಸೇರಿಸಿದೆ. ಕ್ಲಿಕ್, ತಟ್ಟು ಅಥವಾ ಕೀಲಿ ಒತ್ತಿನಿಂದ ತೆರೆಯ ಮುಂದಿನ ಚಿತ್ರ ಬರುವವರೆಗೆ 200 ಮಿಲಿಸೆಕೆಂಡು ಮೀರದಿದ್ದರೆ ಒಳ್ಳೆಯದು, 500 ದಾಟಿದರೆ ಕಳಪೆ.

ಆದ್ದರಿಂದ ಒಳ್ಳೆಯ ಪ್ರೋಗ್ರಾಮರ್ ಲಿಸನರ್‌ಗೆ ಹಗುರ ಕೆಲಸವನ್ನಷ್ಟೇ ಕೊಡುತ್ತಾರೆ. ಮೌಸ್ ಸರಿದಾಡುವಾಗ ಇವೆಂಟ್‌ಗಳು ಧಾರೆಯಾಗಿ ಸುರಿಯುತ್ತವೆ. ತೆರೆಯ ಪ್ರತಿ ಹೊಸ ಚಿತ್ರಕ್ಕೆ ಒಂದು ಲೆಕ್ಕ ಸಾಕು, ಅದಕ್ಕಿಂತ ಹೆಚ್ಚಿನದು ಯಾರ ಕಣ್ಣಿಗೂ ಕಾಣುವುದಿಲ್ಲ. ಹುಡುಕು ಪೆಟ್ಟಿಗೆಯಲ್ಲೂ ಪ್ರತಿ ಅಕ್ಷರಕ್ಕೆ ಸರ್ವರ್‌ಗೆ ಓಡಬೇಕಿಲ್ಲ. ಬೆರಳು ಒಂದು ಕ್ಷಣ ತಡೆದಾಗ ಓಡಿದರೆ ಸಾಕು.

ಕ್ಲಿಕ್ ಎಂದರೆ ಒತ್ತುವುದಲ್ಲ

ಮೌಸ್ ಗುಂಡಿ ಕೆಳಗೆ ಹೋದಾಗ ಮೌಸ್‌ಡೌನ್, ಮೇಲೆ ಬಂದಾಗ ಮೌಸ್‌ಅಪ್, ಎರಡೂ ಒಂದೇ ಭಾಗದ ಮೇಲೆ ನಡೆದಿದ್ದರೆ ಕೊನೆಗೆ ಕ್ಲಿಕ್. ಕೆಲಸ ಬೇಗ ಆಗಲಿ ಎಂದು ಮೌಸ್‌ಡೌನ್‌ಗೇ ಆದೇಶ ಕಟ್ಟುವ ಆಸೆ ಹೊಸಬರಿಗೆ ಸಹಜ. ಆದರೆ ‘ಹಣ ಪಾವತಿಸು’ ಗುಂಡಿಯನ್ನು ಒತ್ತಿದ ಕೂಡಲೇ ತಪ್ಪು ಅರಿವಾದರೆ? ಬೆರಳನ್ನು ಬಿಡದೆ ಬಾಣವನ್ನು ಗುಂಡಿಯಿಂದಾಚೆ ಸರಿಸಿ ಬಿಟ್ಟರೆ ಕ್ಲಿಕ್ ಹುಟ್ಟುವುದಿಲ್ಲ. ಕೈ ನಡುಗುವವರಿಗೆ, ವಯಸ್ಸಾದವರಿಗೆ ಈ ಅರೆಕ್ಷಣದ ಅವಕಾಶ ದೊಡ್ಡ ಆಸರೆ. ಜಾಲಪುಟಗಳ ಸುಗಮ್ಯತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯ 2018ರ ಆವೃತ್ತಿ ಇದನ್ನು ಒಂದು ನಿಯಮವನ್ನಾಗಿಯೇ ಸೇರಿಸಿತು.

ಕ್ಲಿಕ್‌ಗೆ ಇನ್ನೂ ಒಂದು ಗುಣವಿದೆ. ಅದು ಹುಟ್ಟಲು ಮೌಸ್ ಇರಲೇಬೇಕೆಂದಿಲ್ಲ. ನಿಜವಾದ ಗುಂಡಿಗೆ ಫೋಕಸ್ ಇದ್ದಾಗ ಎಂಟರ್ ಅಥವಾ ಸ್ಪೇಸ್ ಒತ್ತಿದರೂ, ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ಮೂಲಕ ಆದೇಶ ಕೊಟ್ಟರೂ ಬ್ರೌಸರ್ ಅದೇ ಕ್ಲಿಕ್ ಇವೆಂಟನ್ನು ಕಳಿಸುತ್ತದೆ. ಇಲ್ಲಿ ಕ್ಲಿಕ್ ಎಂದರೆ ‘ಇದನ್ನು ಮಾಡು’ ಎಂಬ ಇಚ್ಛೆ. ಆದರೆ ಪುಟದಲ್ಲಿ ಗುಂಡಿಯ ಬದಲು ಬರೀ ಬಣ್ಣ ಬಳಿದ ಚೌಕವೊಂದನ್ನು ಇಟ್ಟು ಅದಕ್ಕೆ ಲಿಸನರ್ ಕಟ್ಟಿದರೆ ಈ ಕೊಡುಗೆಗಳೆಲ್ಲ ಕೈತಪ್ಪುತ್ತವೆ. ಟ್ಯಾಬ್ ಒತ್ತುತ್ತ ಬಂದರೆ ಫೋಕಸ್ ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಕಣ್ಣಿಗೆ ಗುಂಡಿಯಂತೆ ಕಾಣುವ ಆ ಚೌಕ ಮೌಸ್ ಹಿಡಿಯಲಾಗದವರ ಪಾಲಿಗೆ ಇಲ್ಲವೇ ಇಲ್ಲ.

ಕೀಲಿಗೂ ಅಕ್ಷರಕ್ಕೂ ಇರುವ ದೂರ

ಕನ್ನಡದವರಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ ಇದು. 2000ದ ಮಾನದಂಡ ಮೌಸ್‌ಗೆ ನಿಯಮ ಕೊಟ್ಟಿತು, ಕೀಲಿಮಣೆಯನ್ನು ಕೈಬಿಟ್ಟಿತು. ಜಗತ್ತಿನ ಭಾಷೆಗಳ ಬರೆವ ಬಗೆಗಳು ಒಂದೇ ಚೌಕಟ್ಟಿಗೆ ಸುಲಭವಾಗಿ ಒಗ್ಗುವಂಥವಲ್ಲ. ಬಹುಕಾಲ ಪ್ರೋಗ್ರಾಮರ್‌ಗಳು ಕೀಕೋಡ್ ಎಂಬ ಸಂಖ್ಯೆಯನ್ನು ನೆಚ್ಚಿಕೊಂಡರು. ಅದು ಒಂದೊಂದು ಬ್ರೌಸರ್‌ನಲ್ಲಿ ಒಂದೊಂದು ರೀತಿ ಬರುತ್ತಿತ್ತು. ಇಂದು ಅದನ್ನು ಬಳಸಬೇಡಿ ಎಂದೇ ಮಾನದಂಡ ಹೇಳುತ್ತದೆ.

ಈಗ ಕೀಲಿಯ ಇವೆಂಟ್ ಎರಡು ಮಾಹಿತಿಗಳನ್ನು ಬೇರೆಬೇರೆಯಾಗಿ ತರುತ್ತದೆ. ಕೋಡ್ ಎಂಬುದು ಕೀಲಿ ಇರುವ ಜಾಗ, ಕೀ ಎಂಬುದು ಆ ಒತ್ತಿನಿಂದ ಹೊಮ್ಮುವ ಅಕ್ಷರ. ಸರ್ಕಾರಿ ಮಾನದಂಡವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಕೆ’ ಕೀಲಿ ಒತ್ತಿದರೆ ಜಾಗ ‘ಕೆ’ಯದೇ, ಅಕ್ಷರ ಮಾತ್ರ ‘ಕ’. ‘ಎಸ್’ ಕೀಲಿ ಒತ್ತಿದರೆ ಹೊಮ್ಮುವುದು ದೀರ್ಘ ಏಕಾರದ ಚಿಹ್ನೆ. ‘ಹುಡುಕಲು ಎಸ್ ಒತ್ತಿ’ ಎಂದು ಪುಟವೊಂದು ಸೂಚನೆ ಕೊಟ್ಟು, ಒಳಗೆ ಹೊಮ್ಮಿದ ಅಕ್ಷರ ಇಂಗ್ಲಿಷಿನ ಎಸ್ ಆಗಿದೆಯೇ ಎಂದಷ್ಟೇ ನೋಡಿದರೆ, ಕನ್ನಡ ವಿನ್ಯಾಸದಲ್ಲಿರುವವರು ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಅಲ್ಲಿ ನೋಡಬೇಕಾದ್ದು ಜಾಗವನ್ನು. ಬರೆದದ್ದೇನು ಎಂದು ತಿಳಿಯಬೇಕಾದ ಕಡೆ ನೋಡಬೇಕಾದ್ದು ಅಕ್ಷರವನ್ನು.

ಎಷ್ಟೋ ಸಲ ಒಂದು ಒತ್ತಿಗೆ ಒಂದು ಅಕ್ಷರ ಎಂಬ ಲೆಕ್ಕವೂ ನಿಲ್ಲುವುದಿಲ್ಲ. ಕೆ. ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು ಬೇಕು. ಇಲ್ಲಿ ಎಫ್ ಒತ್ತಕ್ಷರವನ್ನು ಜೋಡಿಸುವ ಕೀಲಿ. ಕಣ್ಣಿಗೆ ಕಾಣುವ ಅಕ್ಷರ ಮೂರು, ಯುನಿಕೋಡ್ ಲೆಕ್ಕದಲ್ಲಿ ಐದು. ವಿಕಿಪೀಡಿಯದಂಥ ತಾಣಗಳಲ್ಲಿ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ ಕನ್ನಡ ಟೈಪ್ ಮಾಡಬಹುದಲ್ಲ, ಅದರ ಹಿಂದಿರುವುದೂ ಇವೆಂಟ್‌ಗಳೇ. ಪುಟದ ಸ್ಕ್ರಿಪ್ಟ್ ಪ್ರತಿ ಕೀಲಿಯ ಒತ್ತನ್ನು ಹಿಡಿದು, ಬ್ರೌಸರ್ ಅಲ್ಲಿ ಇಂಗ್ಲಿಷ್ ಅಕ್ಷರ ಇಡುವುದನ್ನು ತಡೆದು, ಕರ್ಸರ್‌ನ ಹಿಂದೆ ಈಗಾಗಲೇ ಏನಿದೆ ಎಂದು ನೋಡಿ, ನಿಯಮದ ಪ್ರಕಾರ ಕನ್ನಡದ ಅಕ್ಷರವನ್ನು ಸೇರಿಸುತ್ತದೆ. ಇವೆಂಟ್‌ಗಳ ಈ ಪುಟ್ಟ ತಂತ್ರ ಸೈಬರ್ ಕೆಫೆಯಲ್ಲೋ ಕಚೇರಿಯಲ್ಲೋ ಬೇರೆಯವರ ಕಂಪ್ಯೂಟರಿನಲ್ಲಿ ಕುಳಿತವರಿಗೂ ಕನ್ನಡದಲ್ಲಿ ಬರೆಯುವ ಬಾಗಿಲು ತೆರೆಯಿತು.

ಫೋನಿನಲ್ಲಿ ಪರಿಸ್ಥಿತಿ ಮತ್ತೂ ಬೇರೆ. ಆಂಡ್ರಾಯ್ಡ್‌ನ ತೆರೆಕೀಲಿಮಣೆಯಲ್ಲಿ ಬರೆಯುವಾಗ ಹಲವು ಸಲ ಎಲ್ಲ ಒತ್ತುಗಳಿಗೂ 229 ಎಂಬ ಒಂದೇ ಸಂಖ್ಯೆ ಬರುತ್ತದೆ. ‘ಬರವಣಿಗೆ ಇನ್ನೂ ನಡೆಯುತ್ತಿದೆ, ಅಕ್ಷರ ನಿಶ್ಚಯವಾಗಿಲ್ಲ’ ಎಂದಷ್ಟೇ ಅದರ ಅರ್ಥ. ಕೆಲವರು ಟೈಪ್ ಮಾಡುವುದೇ ಇಲ್ಲ, ಮಾತಾಡಿ ಬರೆಸುತ್ತಾರೆ. ಕೆಲವರು ಬೇರೆಡೆಯಿಂದ ನಕಲಿಸಿ ಅಂಟಿಸುತ್ತಾರೆ. ಇಂಥಲ್ಲೆಲ್ಲ ಕೀಲಿಗಳನ್ನು ಎಣಿಸುತ್ತ ಕುಳಿತ ಪುಟ ಎಡವುತ್ತದೆ. ಇದಕ್ಕಾಗಿಯೇ ಇನ್‌ಪುಟ್ ಎಂಬ ಇವೆಂಟ್ ಇದೆ. ಅಕ್ಷರ ಯಾವ ದಾರಿಯಿಂದಲೇ ಬರಲಿ, ಪೆಟ್ಟಿಗೆಯಲ್ಲಿರುವುದು ಬದಲಾದಾಗ ಅದು ಹುಟ್ಟುತ್ತದೆ. ಫೋನ್ ನಂಬರಿನ ಪೆಟ್ಟಿಗೆಯಲ್ಲಿ ಯಾರಾದರೂ ‘೯೮೪’ ಎಂದು ಕನ್ನಡ ಅಂಕಿ ಬರೆದರೆ ಕೀಲಿಯನ್ನೇ ತಡೆಯುವ ಪುಟ ಅವರನ್ನು ತಳ್ಳಿಹಾಕುತ್ತದೆ. ಇನ್‌ಪುಟ್ ಇವೆಂಟ್ ಬಂದಾಗ ಪೆಟ್ಟಿಗೆಯನ್ನು ಓದಿ ಅಂಕಿಗಳನ್ನು ಪರಿವರ್ತಿಸುವ ಪುಟ ಅವರನ್ನು ಒಳಗೆ ಕರೆದುಕೊಳ್ಳುತ್ತದೆ. ಎರಡಕ್ಕೂ ಬೇಕಾದ ಶ್ರಮ ಹೆಚ್ಚುಕಡಿಮೆ ಒಂದೇ.

ಬೆರಳೇ ಮೌಸ್ ಆದಾಗ

2007ರಲ್ಲಿ ಐಫೋನ್ ಬಂದಾಗ ಮೌಸ್‌ಗಾಗಿ ಬರೆದ ಕೋಟ್ಯಂತರ ಪುಟಗಳನ್ನು ಬೆರಳಿಗೆ ಹೊಂದಿಸಬೇಕಾಯಿತು. ಒಮ್ಮೆ ತಟ್ಟಿದರೆ ಕ್ಲಿಕ್, ಎರಡು ಸಲ ತಟ್ಟಿದರೆ ಹಿಗ್ಗುವ ಚಿತ್ರ. ಎರಡನೆಯ ತಟ್ಟು ಬರುತ್ತದೋ ಎಂದು ಬ್ರೌಸರ್ ಸುಮಾರು 300 ಮಿಲಿಸೆಕೆಂಡು ಕಾಯುತ್ತಿತ್ತು, ಹಾಗಾಗಿ ಪ್ರತಿ ಕ್ಲಿಕ್ ತಡವಾಗುತ್ತಿತ್ತು. ಫೋನಿನ ಅಗಲಕ್ಕೆ ತಾನೇ ಹೊಂದಿಕೊಳ್ಳುತ್ತೇನೆಂದು ಘೋಷಿಸಿಕೊಂಡ ಪುಟಗಳಿಗೆ ಬ್ರೌಸರ್‌ಗಳು ಮುಂದೆ ಈ ಕಾಯುವಿಕೆಯನ್ನು ತೆಗೆದುಹಾಕಿದವು.

ಸ್ಪರ್ಶಕ್ಕೆ ಬೇರೆ ಇವೆಂಟ್‌ಗಳು, ಮೌಸ್‌ಗೆ ಬೇರೆ, ಪೆನ್ನಿಗೆ ಮತ್ತೆ ಬೇರೆ ಎಂಬ ಗೊಂದಲಕ್ಕೆ 2015ರಲ್ಲಿ ಪಾಯಿಂಟರ್ ಇವೆಂಟ್ಸ್ ಎಂಬ ಮಾನದಂಡ ಉತ್ತರ ಕೊಟ್ಟಿತು. ತೋರಿಸುವ ಸಾಧನ ಯಾವುದೇ ಇರಲಿ, ಪುಟ ಒಂದೇ ಬಗೆಯ ಸುದ್ದಿಯನ್ನು ಕೇಳಿಸಿಕೊಂಡರೆ ಸಾಕು. ನಕ್ಷೆ ಎಳೆಯುವ, ಚಿತ್ರ ಬಿಡಿಸುವ ಪುಟಗಳಿಗೆ ಇದು ವರವಾಯಿತು.

ಕೇಳಿಸಿಕೊಳ್ಳುವ ಅಧಿಕಾರದ ಮಿತಿ

ಒಂದು ಪುಟ ಕೇಳಿಸಿಕೊಳ್ಳಬಲ್ಲದ್ದು ತನ್ನೊಳಗಿನ ಒತ್ತುಗಳನ್ನು ಮಾತ್ರ. ಪಕ್ಕದ ಟ್ಯಾಬ್‌ನಲ್ಲಿ ಬ್ಯಾಂಕಿನ ಗುಪ್ತಪದ ಬರೆದರೆ ಅದು ಇಲ್ಲಿಗೆ ತಿಳಿಯದಂತೆ ಬ್ರೌಸರ್ ಗೋಡೆ ಕಟ್ಟಿದೆ. ಸ್ಕ್ರಿಪ್ಟ್ ತಾನೇ ಸೃಷ್ಟಿಸಿದ ಸುಳ್ಳು ಕ್ಲಿಕ್‌ಗೂ ಮನುಷ್ಯ ಮಾಡಿದ ನಿಜ ಕ್ಲಿಕ್‌ಗೂ ಬ್ರೌಸರ್ ಬೇರೆಬೇರೆ ಗುರುತು ಹಾಕುತ್ತದೆ. ಮನುಷ್ಯನ ಒತ್ತು ಇಲ್ಲದೆ ಹೊಸ ಕಿಟಕಿ ತೆರೆಯಲು ಹೊರಟರೆ ತಡೆಯುತ್ತದೆ.

ಆದರೆ ಪುಟದೊಳಗೆ ಮೂರನೆಯವರ ಸ್ಕ್ರಿಪ್ಟ್‌ಗಳನ್ನು ಮಾಲೀಕರೇ ಸೇರಿಸಿದರೆ ಈ ಗೋಡೆ ಕಾಯುವುದಿಲ್ಲ. 2017ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜನಪ್ರಿಯವಾದ 50,000 ತಾಣಗಳನ್ನು ಪರಿಶೀಲಿಸಿದಾಗ, ಓದುಗರ ಕೀಲಿಯೊತ್ತು, ಮೌಸ್ ಚಲನೆಗಳನ್ನೆಲ್ಲ ದಾಖಲಿಸಿ ಬೇರೆ ಕಂಪನಿಗಳಿಗೆ ಕಳಿಸುವ ಸ್ಕ್ರಿಪ್ಟ್‌ಗಳು 482 ತಾಣಗಳಲ್ಲಿ ಸಿಕ್ಕವು. ನಮೂನೆಯನ್ನು ತುಂಬಿ, ಮನಸ್ಸು ಬದಲಿಸಿ, ‘ಕಳಿಸು’ ಒತ್ತದೆ ಹೊರಬಂದರೂ ಬರೆದದ್ದು ಹೊರಗೆ ಹೋಗಿರಬಹುದು. ಓದುಗ ಕಳಿಸಲು ಬಯಸದ್ದನ್ನು ಕಳಿಸಿಕೊಳ್ಳುವುದು ನಂಬಿಕೆಯ ದ್ರೋಹ. ಕೇಳಿಸಿಕೊಳ್ಳಲು ಸಾಧ್ಯ ಎಂಬ ಮಾತ್ರಕ್ಕೆ ಅದರ ಹಕ್ಕು ಹುಟ್ಟುವುದಿಲ್ಲ.

ಪುಟ ಕಟ್ಟುವವರಿಗೆ, ಬಳಸುವವರಿಗೆ

ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೂ ಸುಗಮವಾಗಿರಬೇಕು ಎನ್ನುತ್ತದೆ. ಪುಟದ ಎಲ್ಲ ಕೆಲಸವನ್ನೂ ಕೀಲಿಮಣೆಯೊಂದರಿಂದಲೇ ಮಾಡಲು ಬರಬೇಕು ಎಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿಯ ಮೊದಲ ದರ್ಜೆಯ ನಿಯಮ. ಪಡಿತರ ಚೀಟಿಯ ಅರ್ಜಿ, ಪರೀಕ್ಷೆಯ ಶುಲ್ಕ, ಪಹಣಿಯ ಪ್ರತಿ ಎಲ್ಲವೂ ಜಾಲಪುಟಗಳಲ್ಲಿ ಸಿಗುವ ಕಾಲದಲ್ಲಿ ಒಂದು ಗುಂಡಿ ಕೆಲಸ ಮಾಡದಿದ್ದರೆ ಒಬ್ಬ ಮನುಷ್ಯನ ಕೆಲಸವೇ ನಿಲ್ಲುತ್ತದೆ.

ಪುಟ ಕಟ್ಟುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಪುಟವನ್ನು ಲೋಕಕ್ಕೆ ಬಿಡುವ ಮುನ್ನ ಮೌಸ್ ತಂತಿಯನ್ನು ಕಳಚಿ, ಟ್ಯಾಬ್ ಮತ್ತು ಎಂಟರ್‌ನಿಂದಲೇ ಕೊನೆಯ ತನಕ ಹೋಗಿ ನೋಡಿ. ಆಮೇಲೆ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆಯಿರಿ. ಕೊನೆಗೆ ಫೋನಿನಲ್ಲಿ ತೆರೆದು ಮಾತಿನಿಂದ ಬರೆಸಿ ನೋಡಿ. ಎಲ್ಲಿ ತಡೆಯಿತೋ ಅಲ್ಲಿ ನಿಮ್ಮ ಸ್ಕ್ರಿಪ್ಟ್ ಬೆರಳನ್ನು ಗಮನಿಸಿದೆ, ಮನುಷ್ಯನನ್ನು ಮರೆತಿದೆ. ಬಳಸುವವರೂ ಸುಮ್ಮನಿರಬೇಕಿಲ್ಲ. ಕನ್ನಡದಲ್ಲಿ ಬರೆಯಲು ಬಾರದ ಪೆಟ್ಟಿಗೆ, ಕೀಲಿಗೆ ಸಿಗದ ಗುಂಡಿ ಕಂಡರೆ ಆ ತಾಣದವರಿಗೆ ಬರೆದು ತಿಳಿಸಿ. ಬಹುಪಾಲು ಸಲ ಅದನ್ನು ಸರಿಪಡಿಸಲು ಬೇಕಾಗುವುದು ಕೆಲವೇ ಸಾಲುಗಳ ತಿದ್ದುಪಡಿ.